ಕಾಕ್ ಎಂಬ ಹೆಸರಿನ ಹಿಂದಿರುವ ವೈದ್ಯ

ನಮ್ಮ ದೇಶದ ಅನೇಕ ವೈದ್ಯರು ರೋಗಿಯ ಚೀಟಿಯಲ್ಲಿ ಟಿ.ಬಿ. ಎಂದು ಬರೆಯುವುದಿಲ್ಲ, ‘ಕಾಕ್ಸ್’ ಎಂದು ಬರೆಯುತ್ತಾರೆ. ಪಕ್ಕದಲ್ಲಿ ಕುಳಿತವರಿಗೆ ಅರ್ಥವಾಗದಿರಲಿ ಎಂಬುದು ಅವರ ಉದ್ದೇಶ. ಟಿ.ಬಿ. ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನೆಂಟರು ಲೋಟ ಬೇರೆ ಇಡುತ್ತಾರೆ. ಮನೆಯಲ್ಲಿ ಮದುವೆಗೆ ಬಂದ ಹುಡುಗಿಯಿದ್ದರೆ ಸಂಬಂಧ ಕೇಳಿ ಬಂದವರು ಸದ್ದಿಲ್ಲದೆ ಹಿಂದೆ ಸರಿಯುತ್ತಾರೆ. ಉರ್ದು ಮಾತಾಡುವ ನಮ್ಮ ಮನೆಯಲ್ಲಿ ನಾನಿ ಈ ರೋಗವನ್ನು ‘ದಿಖ್’ ಎನ್ನುತ್ತಾರೆ, ಅದನ್ನೂ ದನಿ ತಗ್ಗಿಸಿಯೇ ಹೇಳುತ್ತಾರೆ. ಕನ್ನಡದಲ್ಲಿ ಕ್ಷಯ. ಹೆಸರು ಯಾವುದಾದರೂ ಭಯ ಒಂದೇ. ಆದರೆ ‘ಕಾಕ್ಸ್’ ಎಂಬುದು ನಿಜವಾಗಿ ರೋಗದ ಹೆಸರಲ್ಲ, ಒಬ್ಬ ಮನುಷ್ಯನ ಹೆಸರು. ಅವರು ಜರ್ಮನಿಯ ವೈದ್ಯ ರಾಬರ್ಟ್ ಕಾಕ್.

ಪ್ರತಿ ವರ್ಷ ಮಾರ್ಚ್ 24ರಂದು ವಿಶ್ವ ಕ್ಷಯರೋಗ ದಿನ ಆಚರಿಸುವುದು ಕೂಡ 1882ರ ಅದೇ ತಾರೀಖಿನಂದು ಅವರು ಮಾಡಿದ ಒಂದು ಉಪನ್ಯಾಸದ ನೆನಪಿಗಾಗಿ. ಕಾಮರ್ಸ್ ಓದುವವಳಿಗೆ ಈ ವಿಷಯದಲ್ಲಿ ಏನು ಕೆಲಸ ಎಂದು ಸೈನ್ಸ್ ವಿಭಾಗದ ಗೆಳತಿಯರು ಕೇಳಿದರು. ಕಾಕ್ ಅವರ ಬದುಕನ್ನು ಓದಿದರೆ ಅದರಲ್ಲಿ ಜಮಾ ಎಷ್ಟು, ಖರ್ಚು ಎಷ್ಟು ಎಂಬ ಲೆಕ್ಕವೂ ಸಿಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಇಂದು ಔಷಧಕ್ಕೆ ಬಗ್ಗದ ಕ್ಷಯವನ್ನು ಜೀನ್ ಪರೀಕ್ಷೆಯಿಂದ ಹೇಗೆ ಹಿಡಿಯುತ್ತಾರೆ ಎಂದು ತಿಳಿಯಬೇಕಾದರೆ ಅವರಿಂದಲೇ ಶುರು ಮಾಡಬೇಕು.

ರಾಬರ್ಟ್ ಕಾಕ್ 1843ರ ಡಿಸೆಂಬರ್ 11ರಂದು ಹಾರ್ಜ್ ಬೆಟ್ಟಗಳ ನಡುವಿನ ಕ್ಲೌಸ್ತಾಲ್ ಎಂಬ ಗಣಿ ಊರಿನಲ್ಲಿ ಹುಟ್ಟಿದರು. ತಂದೆ ಗಣಿ ಇಲಾಖೆಯಲ್ಲಿದ್ದರು. ಮನೆ ತುಂಬ ಮಕ್ಕಳು. ಶಾಲೆಗೆ ಸೇರುವ ಮೊದಲೇ, ಐದನೆಯ ವಯಸ್ಸಿನಲ್ಲಿ, ದಿನಪತ್ರಿಕೆಗಳನ್ನು ನೋಡಿ ನೋಡಿ ತಾವಾಗಿಯೇ ಓದಲು ಕಲಿತರಂತೆ. 1862ರಲ್ಲಿ ಗಟಿಂಗನ್ ವಿಶ್ವವಿದ್ಯಾಲಯ ಸೇರಿ ವೈದ್ಯಕೀಯ ಓದಿದರು. ಅಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ಯಾಕೋಬ್ ಹೆನ್ಲೆ ಎಂಬ ಪ್ರಾಧ್ಯಾಪಕರು ಅಂಟುರೋಗಗಳಿಗೆ ಕಣ್ಣಿಗೆ ಕಾಣದ ಜೀವಿಗಳೇ ಕಾರಣ ಎಂದು 1840ರಲ್ಲೇ ಬರೆದಿದ್ದರು. ಆಗ ಅದು ಬರೀ ಊಹೆ. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಎಂದು ನಂಬಿದ ಕಾಲ ಅದು.

ಯುವಕ ಕಾಕ್ ಅವರಿಗೆ ಹಡಗಿನ ವೈದ್ಯರಾಗಿ ದೇಶ ಸುತ್ತುವ ಆಸೆಯಿತ್ತು. 1867ರಲ್ಲಿ ಎಮ್ಮಿ ಫ್ರಾಟ್ಸ್ ಅವರೊಂದಿಗೆ ಮದುವೆಯಾಯಿತು, ಮರುವರ್ಷ ಗರ್ಟ್ರೂಡ್ ಎಂಬ ಮಗಳು ಹುಟ್ಟಿದಳು, ದೇಶ ಸುತ್ತುವ ಮಾತು ಅಲ್ಲಿಗೇ ನಿಂತಿತು. ಕೆಲವು ಕಾಲ ಊರೂರು ಬದಲಾಯಿಸಿ, 1870ರ ಯುದ್ಧದಲ್ಲಿ ಸೇನೆಯ ವೈದ್ಯರಾಗಿ ಕೆಲಸ ಮಾಡಿ, 1872ರಲ್ಲಿ ವೋಲ್‌ಸ್ಟೈನ್ ಎಂಬ ಸಣ್ಣ ಊರಿಗೆ ಜಿಲ್ಲಾ ವೈದ್ಯಾಧಿಕಾರಿಯಾಗಿ ಬಂದರು. ಆ ಊರು ಈಗ ಪೋಲೆಂಡ್ ದೇಶದಲ್ಲಿದೆ.

ಅಲ್ಲಿ ಅವರಿಗೆ ಪ್ರಯೋಗಾಲಯವಿರಲಿಲ್ಲ, ಗ್ರಂಥಾಲಯವಿರಲಿಲ್ಲ, ಜೊತೆಗೆ ಚರ್ಚಿಸಲು ಇನ್ನೊಬ್ಬ ವಿಜ್ಞಾನಿಯೂ ಇರಲಿಲ್ಲ. ಇದ್ದದ್ದು ಒಂದು ಸೂಕ್ಷ್ಮದರ್ಶಕ. ಅದನ್ನು ಹೆಂಡತಿ ಕೊಡಿಸಿದರು ಎಂದು ಹೇಳುತ್ತಾರೆ. ರೋಗಿಗಳನ್ನು ನೋಡುವ ಕೋಣೆಯಲ್ಲೇ ಅಡ್ಡಗೋಡೆಯ ಹಾಗೆ ಪರದೆ ಕಟ್ಟಿ, ಆಚೆ ಬದಿಯಲ್ಲಿ ಸಂಶೋಧನೆ ಶುರು ಮಾಡಿದರು. ಸುತ್ತಮುತ್ತಲ ಹಳ್ಳಿಗಳಲ್ಲಿ ಆಂಥ್ರಾಕ್ಸ್ ರೋಗದಿಂದ ದನ ಕುರಿಗಳು ಸಾಯುತ್ತಿದ್ದವು. ಸತ್ತ ಪ್ರಾಣಿಯ ರಕ್ತವನ್ನು ಸಣ್ಣ ಮರದ ಚಕ್ಕೆಗಳಿಗೆ ಹಚ್ಚಿ ಇಲಿಗಳಿಗೆ ಚುಚ್ಚಿದರು. ಇಲಿಗಳು ಸತ್ತವು, ಅವುಗಳ ರಕ್ತದಲ್ಲೂ ಅದೇ ಕಡ್ಡಿಯಂಥ ಕ್ರಿಮಿಗಳಿದ್ದವು. ಆದರೆ ಕ್ರಿಮಿಯೇ ಕೊಂದದ್ದು, ರಕ್ತದಲ್ಲಿದ್ದ ಬೇರೇನೋ ಅಲ್ಲ ಎಂದು ತೋರಿಸಬೇಕಲ್ಲ? ಅದಕ್ಕಾಗಿ ಎತ್ತಿನ ಕಣ್ಣಿನೊಳಗಿನ ತಿಳಿ ದ್ರವದಲ್ಲಿ ಆ ಕ್ರಿಮಿಯನ್ನು ಬೆಳೆಸಿದರು. ಹಾಗೆ ಬೆಳೆಸಿದ ಕ್ರಿಮಿಯೂ ಇಲಿಯನ್ನು ಕೊಂದಿತು. ಬಿಸಿಲು ಚಳಿಗೆ ಸಾಯದೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುವ ಬೀಜಕಣಗಳಾಗಿ ಅದು ಬದಲಾಗುವುದನ್ನೂ ಕಂಡುಹಿಡಿದರು. 1876ರಲ್ಲಿ ಬ್ರೆಸ್ಲಾವ್ ನಗರಕ್ಕೆ ಹೋಗಿ ಸಸ್ಯವಿಜ್ಞಾನಿ ಫರ್ಡಿನಾಂಡ್ ಕೋನ್ ಅವರ ಎದುರು ಎಲ್ಲವನ್ನೂ ಮಾಡಿ ತೋರಿಸಿದರು. ಹಳ್ಳಿ ಕಡೆಯ ವೈದ್ಯರೊಬ್ಬರು ಮನೆಯ ಕೋಣೆಯಲ್ಲಿ ಮಾಡಿದ ಕೆಲಸ ಯುರೋಪಿನ ದೊಡ್ಡ ವಿದ್ವಾಂಸರನ್ನು ಎದ್ದು ಕೂರಿಸಿತು.

1880ರಲ್ಲಿ ಸರ್ಕಾರ ಅವರನ್ನು ಬರ್ಲಿನ್‌ಗೆ ಕರೆಸಿಕೊಂಡಿತು. ಅಲ್ಲಿ ಅವರು ಮೊದಲು ಎದುರಿಸಿದ ಸಮಸ್ಯೆ ಬಹಳ ಸರಳವಾದದ್ದು: ದ್ರವದಲ್ಲಿ ಹತ್ತು ಬಗೆಯ ಕ್ರಿಮಿಗಳು ಬೆರೆತುಹೋಗುತ್ತವೆ, ಒಂದನ್ನೇ ಬೇರೆ ಮಾಡುವುದು ಹೇಗೆ? ಬೇಯಿಸಿದ ಆಲೂಗಡ್ಡೆಯ ಹೋಳಿನ ಮೇಲೆ ಬೇರೆ ಬೇರೆ ಬಣ್ಣದ ಚುಕ್ಕೆಗಳು ಪ್ರತ್ಯೇಕವಾಗಿ ಬೆಳೆಯುವುದನ್ನು ಕಂಡು, ಗಟ್ಟಿ ಮೇಲ್ಮೈ ಬೇಕು ಎಂದು ಅವರಿಗೆ ಹೊಳೆಯಿತು. ಮೊದಲು ಜೆಲಾಟಿನ್ ಬಳಸಿದರು, ಅದು ಬೇಸಿಗೆಯ ಸೆಕೆಗೆ ಕರಗಿ ನೀರಾಗುತ್ತಿತ್ತು. ಅವರ ಸಹಾಯಕರೊಬ್ಬರ ಪತ್ನಿ ಫ್ಯಾನಿ ಹೆಸ್ಸೆ ಅಡುಗೆಮನೆಯಲ್ಲಿ ಜೆಲ್ಲಿ ಗಟ್ಟಿಯಾಗಲು ಬಳಸುತ್ತಿದ್ದ ಅಗರ್ ಅನ್ನು ಸೂಚಿಸಿದರು. ಇಂದಿಗೂ ನಮ್ಮ ಕಾಲೇಜಿನ ಬಯಾಲಜಿ ಲ್ಯಾಬ್‌ನಿಂದ ಹಿಡಿದು ಜಗತ್ತಿನ ದೊಡ್ಡ ಪ್ರಯೋಗಾಲಯಗಳವರೆಗೆ ಕ್ರಿಮಿ ಬೆಳೆಸುವುದು ಅಗರ್ ಮೇಲೆಯೇ. ಆ ಹೆಣ್ಣುಮಗಳ ಹೆಸರು ಪಠ್ಯಪುಸ್ತಕದಲ್ಲಿ ನನಗೆ ಎಲ್ಲೂ ಸಿಗಲಿಲ್ಲ.

1881ರ ಆಗಸ್ಟ್‌ನಲ್ಲಿ ಕಾಕ್ ಕ್ಷಯಕ್ಕೆ ಕೈ ಹಾಕಿದರು. ಆ ಕಾಲದಲ್ಲಿ ಸಾಯುವ ಪ್ರತಿ ಏಳು ಜನರಲ್ಲಿ ಒಬ್ಬರು ಕ್ಷಯದಿಂದ ಸಾಯುತ್ತಿದ್ದರು ಎಂಬುದು ಅವರೇ ಮುಂದಿಟ್ಟ ಲೆಕ್ಕ. ದುಡಿಯುವ ಪ್ರಾಯದವರನ್ನು ಮಾತ್ರ ತೆಗೆದುಕೊಂಡರೆ ಸಾವಿನಲ್ಲಿ ಮೂರನೆಯ ಒಂದು ಭಾಗ. ಇದು ವಂಶದಿಂದ ಬರುವ ರೋಗ ಎಂದು ಬಹಳ ವೈದ್ಯರು ನಂಬಿದ್ದರು. ಹನ್ನೊಂದನೆಯ ಶತಮಾನದಲ್ಲೇ ಇಬ್ನ್ ಸೀನಾ ಇದನ್ನು ಒಬ್ಬರಿಂದ ಒಬ್ಬರಿಗೆ ಹರಡುವ ರೋಗವೆಂದು ಬರೆದಿದ್ದರು. ಫ್ರಾನ್ಸಿನ ವಿಲ್‌ಮ್ಯಾನ್ ಎಂಬ ವೈದ್ಯರು 1865ರಲ್ಲಿ ರೋಗಿಯ ಅಂಗಾಂಶವನ್ನು ಮೊಲಗಳಿಗೆ ಚುಚ್ಚಿ ರೋಗ ದಾಟುವುದನ್ನು ತೋರಿಸಿದ್ದರು. ಆದರೂ ಕ್ರಿಮಿಯನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ.

ಕಾಣದಿರಲು ಕಾರಣವಿತ್ತು. ಕ್ಷಯದ ಕ್ರಿಮಿಯ ಮೈಮೇಲೆ ಮೇಣದಂಥ ಹೊದಿಕೆಯಿದೆ, ಸಾಮಾನ್ಯ ಬಣ್ಣ ಅದಕ್ಕೆ ಹತ್ತುವುದಿಲ್ಲ. ಕಾಕ್ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣಕ್ಕೆ ಕ್ಷಾರ ಬೆರೆಸಿ ಗಾಜಿನ ಪಟ್ಟಿಯನ್ನು ಅದರಲ್ಲಿ ಒಂದು ದಿನ ಪೂರ್ತಿ ಅದ್ದಿಟ್ಟರು, ಆಮೇಲೆ ಕಂದು ಬಣ್ಣದಿಂದ ತೊಳೆದರು. ಸುತ್ತಲಿನ ಅಂಗಾಂಶವೆಲ್ಲ ಕಂದಾಯಿತು, ನಡುವೆ ತೆಳ್ಳಗಿನ ನೀಲಿ ಕಡ್ಡಿಗಳು ಉಳಿದವು. ಸಾವಿರಾರು ವರ್ಷ ಜನರನ್ನು ತಿಂದ ಕ್ರಿಮಿ ಹಾಗೆ ಮೊದಲ ಬಾರಿಗೆ ಮನುಷ್ಯನ ಕಣ್ಣಿಗೆ ಬಿತ್ತು.

ನೋಡಿದ ಮೇಲೆ ಬೆಳೆಸಬೇಕಿತ್ತು. ಇಲ್ಲಿ ಅವರ ತಾಳ್ಮೆಯ ಪರೀಕ್ಷೆಯಾಯಿತು. ಬೇರೆ ಕ್ರಿಮಿಗಳು ಒಂದೆರಡು ದಿನದಲ್ಲಿ ಬೆಳೆದು ಕಾಣಿಸುತ್ತವೆ. ಇದು ಒಂದು ವಾರ ಕಳೆದರೂ ಕಾಣಲಿಲ್ಲ. ಇನ್ನೊಬ್ಬರಾಗಿದ್ದರೆ ಪ್ರಯೋಗ ಕೆಟ್ಟಿತೆಂದು ನಳಿಕೆಯನ್ನು ಎಸೆದುಬಿಡುತ್ತಿದ್ದರೇನೋ. ಕಾಕ್ ಕಾದರು. ಕಾಯಿಸಿ ಗಟ್ಟಿ ಮಾಡಿದ ರಕ್ತದ ಸೀರಮ್ ಮೇಲೆ, ಮನುಷ್ಯನ ಮೈಯಷ್ಟೇ ಬಿಸಿಯಲ್ಲಿ ಇಟ್ಟಾಗ, ಎರಡನೆಯ ವಾರದಲ್ಲಿ ಒಣ ಹೊಪ್ಪಳೆಯಂಥ ಪುಟ್ಟ ಚುಕ್ಕೆಗಳು ಕಾಣಿಸಿಕೊಂಡವು. ಅವನ್ನು ಗಿನಿಪಿಗ್‌ಗಳಿಗೆ ಚುಚ್ಚಿದಾಗ ಕ್ಷಯ ಬಂತು, ಆ ಗಿನಿಪಿಗ್‌ಗಳಿಂದ ಮತ್ತೆ ಅದೇ ಕ್ರಿಮಿ ಸಿಕ್ಕಿತು. ಈ ನಿಧಾನದ ಬೆಳವಣಿಗೆಯನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು, ಮುಂದೆ ಇದರ ಬೆಲೆಯನ್ನು ಬಹಳ ಜನ ತೆತ್ತಿದ್ದಾರೆ.

1882ರ ಮಾರ್ಚ್ 24ರ ಸಂಜೆ ಬರ್ಲಿನ್‌ನ ಶರೀರಶಾಸ್ತ್ರ ಸಂಘದ ಚಿಕ್ಕ ಓದುವ ಕೋಣೆಯಲ್ಲಿ ಅವರು ಇದನ್ನೆಲ್ಲ ವಿವರಿಸಿದರು. ಸೂಕ್ಷ್ಮದರ್ಶಕಗಳನ್ನೂ ನೂರಕ್ಕೂ ಹೆಚ್ಚು ಮಾದರಿಗಳನ್ನೂ ಹೊತ್ತು ತಂದು ಮೇಜಿನ ಮೇಲೆ ಜೋಡಿಸಿದ್ದರು, ಸಂಶಯವಿದ್ದವರು ಬಂದು ನೋಡಬಹುದಿತ್ತು. ಅವರು ಒಳ್ಳೆಯ ಭಾಷಣಕಾರರೇನೂ ಅಲ್ಲ, ತಡವರಿಸಿಯೇ ಮಾತಾಡಿದರು. ಮುಗಿದಾಗ ಚಪ್ಪಾಳೆ ಬೀಳಲಿಲ್ಲ, ಯಾರೂ ಪ್ರಶ್ನೆ ಕೇಳಲಿಲ್ಲ. ಕೇಳಲು ಏನೂ ಉಳಿದಿರಲಿಲ್ಲ. ಸಭೆಯಲ್ಲಿ ಕುಳಿತಿದ್ದ ಯುವ ವೈದ್ಯ ಪಾಲ್ ಎರ್ಲಿಖ್ ತಮ್ಮ ವಿಜ್ಞಾನ ಜೀವನದ ಅತಿ ದೊಡ್ಡ ಅನುಭವ ಅದೇ ಎಂದು ಮುಂದೆ ನೆನೆದರು. ಅವರು ಕಾಕ್ ಅವರ ಬಣ್ಣ ಹಾಕುವ ವಿಧಾನವನ್ನು ಕೂಡಲೇ ಉತ್ತಮಪಡಿಸಿದರು. ಕೆಲವೇ ವರ್ಷಗಳಲ್ಲಿ ಅವರ ಕಫದಲ್ಲೇ ಆ ಕ್ರಿಮಿ ಕಾಣಿಸಿಕೊಂಡಿತು, ಅವರು ಹವೆ ಬದಲಾವಣೆಗೆ ಈಜಿಪ್ಟ್‌ಗೆ ಹೋಗಬೇಕಾಯಿತು.

ಮರುವರ್ಷ ಕಾಕ್ ಕೂಡ ಈಜಿಪ್ಟ್‌ಗೆ ಹೋದರು, ಆದರೆ ಕಾಲರಾ ಹುಡುಕಿಕೊಂಡು. ಅಲ್ಲಿ ರೋಗ ತಗ್ಗಿದ್ದರಿಂದ 1883ರ ಕೊನೆಗೆ ಹಡಗು ಹತ್ತಿ ಕಲ್ಕತ್ತಾಕ್ಕೆ ಬಂದರು. ಅಲ್ಲಿನ ಬಸ್ತಿಗಳ ನಡುವೆ ಕೆರೆಗಳಿದ್ದವು, ಜನ ಅವುಗಳಲ್ಲೇ ಸ್ನಾನ ಮಾಡಿ, ಬಟ್ಟೆ ಒಗೆದು, ಅದೇ ನೀರು ಕುಡಿಯುತ್ತಿದ್ದರು. ಕಾಲರಾದ ಬಾಗಿದ ಕ್ರಿಮಿಯನ್ನು ರೋಗಿಗಳ ಕರುಳಿನಲ್ಲೂ ಕೆರೆಯ ನೀರಿನಲ್ಲೂ ಅವರು ಹಿಡಿದರು. ಜರ್ಮನಿಗೆ ಮರಳಿದಾಗ ಯುದ್ಧ ಗೆದ್ದು ಬಂದ ಸೇನಾಪತಿಗೆ ಸಿಗುವಂಥ ಸ್ವಾಗತ ಸಿಕ್ಕಿತು, ಸರ್ಕಾರ ಒಂದು ಲಕ್ಷ ಮಾರ್ಕ್ ಬಹುಮಾನ ಕೊಟ್ಟಿತು. ಯೌವನದಲ್ಲಿ ಬಿಟ್ಟುಕೊಟ್ಟ ದೇಶ ಸುತ್ತುವ ಆಸೆಯೂ ಈ ರೀತಿ ಈಡೇರಿತು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಪಠ್ಯಪುಸ್ತಕದಲ್ಲಿ ಬರುತ್ತದೆ. ಮುಂದಿನದು ಸಾಮಾನ್ಯವಾಗಿ ಬರುವುದಿಲ್ಲ.

ಕ್ರಿಮಿ ಸಿಕ್ಕಿತು, ಔಷಧ ಎಲ್ಲಿ ಎಂದು ಎಲ್ಲರೂ ಕೇಳತೊಡಗಿದರು. 1890ರ ಆಗಸ್ಟ್‌ನಲ್ಲಿ ಬರ್ಲಿನ್‌ನಲ್ಲಿ ನಡೆದ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನದಲ್ಲಿ, ಕ್ಷಯದ ಕ್ರಿಮಿ ಬೆಳೆಯದಂತೆ ತಡೆಯುವ ಪದಾರ್ಥ ತಮಗೆ ಸಿಕ್ಕಿದೆ ಎಂದು ಕಾಕ್ ಘೋಷಿಸಿದರು. ನವೆಂಬರ್‌ನಲ್ಲಿ ಅದನ್ನು ರೋಗಿಗಳಿಗೆ ಕೊಟ್ಟ ವಿವರ ಪ್ರಕಟಿಸಿದರು. ತಮ್ಮ ತೋಳಿಗೂ ಚುಚ್ಚಿಕೊಂಡು ಜ್ವರ, ಮೈಕೈ ನೋವು, ಉಸಿರಾಟದ ಕಷ್ಟ ಅನುಭವಿಸಿದ್ದರು. ಆದರೆ ಆ ಪದಾರ್ಥ ಯಾವುದು, ಹೇಗೆ ತಯಾರಿಸಿದ್ದು ಎಂದು ಹೇಳಲಿಲ್ಲ. ಅದು ಗುಟ್ಟು.

ಪತ್ರಿಕೆಗಳು ಹುಚ್ಚೆದ್ದು ಬರೆದವು. ಚಕ್ರವರ್ತಿ ಪದಕ ಕೊಟ್ಟರು. ಯುರೋಪಿನ ಮೂಲೆಮೂಲೆಗಳಿಂದ ಕೆಮ್ಮುವ ಜನ ರೈಲು ಹತ್ತಿ ಬರ್ಲಿನ್‌ಗೆ ಬಂದರು. ಹೋಟೆಲುಗಳು ತುಂಬಿದವು, ಕೆಲವರು ದಾರಿಯಲ್ಲೇ ಸತ್ತರು. ಷರ್ಲಾಕ್ ಹೋಮ್ಸ್ ಕತೆಗಳನ್ನು ಬರೆದ ಆರ್ಥರ್ ಕಾನನ್ ಡಾಯ್ಲ್ ಸ್ವತಃ ವೈದ್ಯರು. ಅವರೂ ಇಂಗ್ಲೆಂಡಿನಿಂದ ಓಡೋಡಿ ಬಂದು ರೋಗಿಗಳನ್ನು ನೋಡಿ, ಇದನ್ನು ನಂಬಲು ಇನ್ನೂ ಆಧಾರ ಸಾಲದು ಎಂಬ ಅರ್ಥದಲ್ಲಿ ಪತ್ರಿಕೆಗೆ ಬರೆದರು. ಪತ್ತೇದಾರನ ಬುದ್ಧಿ ಕತೆಯಲ್ಲಿ ಮಾತ್ರ ಇರಲಿಲ್ಲ ಎಂದಾಯಿತು.

ಗುಟ್ಟು ಏಕೆ? ಕಾಮರ್ಸ್ ವಿದ್ಯಾರ್ಥಿನಿಗೆ ಆಸಕ್ತಿ ಹುಟ್ಟುವುದು ಇಲ್ಲಿಯೇ. ಕಾಕ್ ಅವರಿಗೆ ತಮ್ಮದೇ ಸಂಶೋಧನಾ ಸಂಸ್ಥೆ ಬೇಕಿತ್ತು, ಔಷಧದ ಮಾರಾಟದಿಂದ ಬರುವ ಲಾಭದ ಬಗ್ಗೆ ಸರ್ಕಾರದೊಂದಿಗೆ ಮಾತುಕತೆಯೂ ನಡೆಸಿದ್ದರು. ಬಂಡವಾಳ ಹಾಕಿದವರು ಲಾಭ ಕೇಳುವುದು ತಪ್ಪಲ್ಲ. ಆದರೆ ಮಾರುವ ಸರಕು ಏನೆಂದು ಕೊಳ್ಳುವವನಿಗೆ ಹೇಳದಿದ್ದರೆ ಅದನ್ನು ವ್ಯಾಪಾರ ಎನ್ನುವುದು ಹೇಗೆ? ಅದರಲ್ಲೂ ಇಲ್ಲಿ ಕೊಳ್ಳುವವನು ಪ್ರಾಣ ಕೈಯಲ್ಲಿ ಹಿಡಿದು ಬಂದವನು. ವೋಲ್‌ಸ್ಟೈನ್‌ನಲ್ಲಿ ಒಂದೊಂದು ಹೆಜ್ಜೆಯನ್ನೂ ಹತ್ತು ಸಲ ಪರೀಕ್ಷಿಸಿದ, ಬರ್ಲಿನ್‌ನಲ್ಲಿ ನೂರಾರು ಮಾದರಿಗಳನ್ನು ಮೇಜಿನ ಮೇಲಿಟ್ಟು ಬಂದು ನೋಡಿ ಎಂದ ಅದೇ ವ್ಯಕ್ತಿ, ಎಂಟು ವರ್ಷಗಳ ನಂತರ ಮುಷ್ಟಿ ಮುಚ್ಚಿ ನಿಂತರು. ನನ್ನ ಮಟ್ಟಿಗೆ ಅವರ ಬದುಕಿನಲ್ಲಿ ಅತ್ಯಂತ ಬೇಸರ ತರುವ ಭಾಗ ಇದು.

1891ರ ಜನವರಿಯಲ್ಲಿ, ಆ ಕಾಲದ ಹಿರಿಯ ವೈದ್ಯವಿಜ್ಞಾನಿ ರುಡಾಲ್ಫ್ ವಿರ್ಖೋವ್, ಈ ಚುಚ್ಚುಮದ್ದು ತೆಗೆದುಕೊಂಡು ಸತ್ತವರ ದೇಹಗಳನ್ನು ಕೊಯ್ದು ನೋಡಿದ ವರದಿ ಕೊಟ್ಟರು. ಕ್ರಿಮಿ ಸತ್ತಿರಲಿಲ್ಲ. ಗಂಟುಗಳ ಸುತ್ತ ಉರಿಯೂತ ಎದ್ದು, ಕ್ರಿಮಿಗಳು ಸಡಿಲಗೊಂಡು ಹೊಸ ಜಾಗಗಳಿಗೆ ಹರಡಿದ್ದವು. ಅದೇ ತಿಂಗಳು ಕಾಕ್ ಗುಟ್ಟು ಬಿಟ್ಟುಕೊಟ್ಟರು. ಅದು ಕ್ಷಯದ ಕ್ರಿಮಿಗಳಿಂದಲೇ ಗ್ಲಿಸರಿನ್‌ನಲ್ಲಿ ತೆಗೆದ ಸಾರ, ‘ಟ್ಯುಬರ್ಕ್ಯುಲಿನ್’. ಅವರು ಸ್ವಲ್ಪ ಕಾಲ ಊರು ಬಿಟ್ಟು ಈಜಿಪ್ಟ್‌ಗೆ ಹೋದರು. ಸಂಸ್ಥೆಯೇನೋ 1891ರಲ್ಲಿ ಸಿಕ್ಕಿತು, ಮನೆ ಮುರಿಯಿತು. 1893ರಲ್ಲಿ ಎಮ್ಮಿ ಅವರಿಂದ ಬೇರೆಯಾಗಿ, ತಮಗಿಂತ ಬಹಳ ಚಿಕ್ಕವರಾದ ಹೆಡ್‌ವಿಗ್ ಫ್ರೈಬರ್ಗ್ ಅವರನ್ನು ಮದುವೆಯಾದರು, ಬರ್ಲಿನ್ ಅದನ್ನೂ ಆಡಿಕೊಂಡಿತು.

ವಿಚಿತ್ರವೆಂದರೆ, ಔಷಧವಾಗಿ ಸೋತ ಟ್ಯುಬರ್ಕ್ಯುಲಿನ್ ಪರೀಕ್ಷೆಯಾಗಿ ಗೆದ್ದಿತು. ಒಳಗೆ ಕ್ಷಯದ ಕ್ರಿಮಿ ಹೊಕ್ಕಿದ್ದವರ ಚರ್ಮಕ್ಕೆ ಅದನ್ನು ಒಂದು ಹನಿ ಚುಚ್ಚಿದರೆ ಎರಡು ಮೂರು ದಿನದಲ್ಲಿ ಗಟ್ಟಿ ಬಾವು ಏಳುತ್ತದೆ. 1907ರಲ್ಲಿ ಪಿರ್ಕೆ, 1908ರಲ್ಲಿ ಮಾಂಟೂ ಎಂಬ ವೈದ್ಯರು ಇದನ್ನು ರೂಢಿಗೆ ತಂದರು. ಮುಂಗೈಗೆ ಚುಚ್ಚಿ, ಪೆನ್ನಿನಿಂದ ಸುತ್ತ ಗುಂಡಗೆ ಗೆರೆ ಹಾಕಿ, ಮೂರನೆಯ ದಿನ ಬನ್ನಿ ಎನ್ನುತ್ತಾರಲ್ಲ, ಅದೇ. ನಷ್ಟದ ಖಾತೆಗೆ ಬರೆದ ಸರಕು ಇನ್ನೊಂದು ಅಂಗಡಿಯಲ್ಲಿ ಬೆಲೆಬಾಳಿತು.

ಉಳಿದ ವರ್ಷಗಳನ್ನು ಕಾಕ್ ಹೆಚ್ಚಾಗಿ ಪ್ರಯಾಣದಲ್ಲಿ ಕಳೆದರು. ದಕ್ಷಿಣ ಆಫ್ರಿಕಾದಲ್ಲಿ ದನಗಳ ರೋಗ, 1897ರಲ್ಲಿ ಮುಂಬಯಿಯಲ್ಲಿ ಪ್ಲೇಗ್, ಬೇರೆ ಕಡೆ ಮಲೇರಿಯಾ. 1901ರಲ್ಲಿ ಲಂಡನ್ನಿನಲ್ಲಿ, ದನದ ಕ್ಷಯ ಮನುಷ್ಯರಿಗೆ ಅಪಾಯಕಾರಿಯಲ್ಲ ಎಂದು ಹೇಳಿ ಮತ್ತೊಮ್ಮೆ ಎಡವಿದರು. ಹಸಿ ಹಾಲಿನಿಂದ ಮಕ್ಕಳಿಗೆ ಅದು ಬರುತ್ತದೆ ಎಂದು ಬೇರೆಯವರು ತೋರಿಸಬೇಕಾಯಿತು. 1905ರಲ್ಲಿ ಕ್ಷಯದ ಮೇಲಿನ ಕೆಲಸಕ್ಕೆ ನೊಬೆಲ್ ಪ್ರಶಸ್ತಿ ಬಂತು. ಅದರ ಬೆನ್ನಿಗೇ ಪೂರ್ವ ಆಫ್ರಿಕಾಕ್ಕೆ ಹೋಗಿ, ವಿಕ್ಟೋರಿಯಾ ಸರೋವರದ ದ್ವೀಪಗಳಲ್ಲಿ ನಿದ್ರಾರೋಗದವರಿಗೆ ಅಟಾಕ್ಸಿಲ್ ಎಂಬ ಆರ್ಸೆನಿಕ್ ಔಷಧವನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟರು. ಕೆಲವು ರೋಗಿಗಳು ಕಣ್ಣು ಕಳೆದುಕೊಂಡರು. ಅವರ ಹೆಸರುಗಳು ಯಾವ ಪುಸ್ತಕದಲ್ಲೂ ಇಲ್ಲ. ವಿಜ್ಞಾನಿಗಳ ಜೀವನಚರಿತ್ರೆ ಬರೆಯುವಾಗ ಇದನ್ನು ಬಿಟ್ಟುಬಿಡುವವರೇ ಹೆಚ್ಚು, ನನಗೆ ಅದು ಸರಿ ಕಾಣಲಿಲ್ಲ.

1910ರ ಮೇ 27ರಂದು ಬಾಡನ್-ಬಾಡನ್ ಎಂಬಲ್ಲಿ ಹೃದಯದ ಕಾಯಿಲೆಯಿಂದ ಅವರು ತೀರಿಕೊಂಡರು. ವಯಸ್ಸು 66. ಅವರ ಚಿತಾಭಸ್ಮ ಬರ್ಲಿನ್‌ನ ಅವರದೇ ಸಂಸ್ಥೆಯಲ್ಲಿದೆ. ಅವರು ಸಾಯುವವರೆಗೂ ಕ್ಷಯಕ್ಕೆ ಔಷಧ ಇರಲಿಲ್ಲ.

ಔಷಧ ಬಂದದ್ದು 1943ರಲ್ಲಿ. ಅಮೆರಿಕದಲ್ಲಿ ವ್ಯಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಸ್ ಮಣ್ಣಿನ ಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ ಪಡೆದರು. ಕಾಕ್ ಅವರ ಕಾಲದ ಹಾಗೆ ನಂಬಿಕೆಯ ಮೇಲೆ ಹಂಚದೆ, ಬ್ರಿಟನ್ನಿನ ವೈದ್ಯರು ಅದನ್ನು ಲೆಕ್ಕವಿಟ್ಟು ಪರೀಕ್ಷಿಸಿದರು. 107 ರೋಗಿಗಳಲ್ಲಿ 55 ಜನರಿಗೆ ಔಷಧ, 52 ಜನರಿಗೆ ಬರೀ ವಿಶ್ರಾಂತಿ. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ 4 ಜನ, ಎರಡನೆಯದರಲ್ಲಿ 14 ಜನ ಸತ್ತರು. ದೊಡ್ಡ ಗೆಲುವು. ಆದರೆ ಐದು ವರ್ಷಗಳ ನಂತರ ನೋಡಿದಾಗ ಆ ಅಂತರ ಬಹಳ ಮಟ್ಟಿಗೆ ಕರಗಿಹೋಗಿತ್ತು. ರೋಗಿಯ ಎದೆಯಲ್ಲಿರುವ ಕೋಟಿಗಟ್ಟಲೆ ಕ್ರಿಮಿಗಳಲ್ಲಿ ಬೆರಳೆಣಿಕೆಯಷ್ಟಕ್ಕೆ ಹುಟ್ಟಿನಿಂದಲೇ ಆ ಔಷಧ ತಾಗುವುದಿಲ್ಲ. ಉಳಿದವು ಸತ್ತಾಗ ಇವು ಇಡೀ ಜಾಗವನ್ನು ಆಕ್ರಮಿಸುತ್ತವೆ. ಆದ್ದರಿಂದಲೇ ಇಂದು ಒಂದೇ ಮಾತ್ರೆ ಕೊಡದೆ ನಾಲ್ಕು ಔಷಧಗಳನ್ನು ಒಟ್ಟಿಗೆ, ಆರು ತಿಂಗಳು ಕೊಡುತ್ತಾರೆ. ಅವುಗಳಲ್ಲಿ ಬಲವಾದ ಎರಡು ಐಸೊನಿಯಾಜಿಡ್ ಮತ್ತು ರಿಫಾಂಪಿಸಿನ್. ಈ ಎರಡಕ್ಕೂ ಬಗ್ಗದ ಕ್ಷಯವನ್ನು ಬಹುಔಷಧ ನಿರೋಧಕ ಕ್ಷಯ, ಆಸ್ಪತ್ರೆಯ ಮಾತಿನಲ್ಲಿ ಎಂ.ಡಿ.ಆರ್. ಎನ್ನುತ್ತಾರೆ. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಪ್ರಯೋಗಾಲಯ, ದೇಶದ ಮೊದಲ ಔಷಧ ನಿರೋಧಕತೆಯ ಸಮೀಕ್ಷೆಯಲ್ಲಿ ಕೆಲಸ ಮಾಡಿತು. ಆ ಸಮೀಕ್ಷೆಯ ಪ್ರಕಾರ ಹೊಸ ರೋಗಿಗಳಲ್ಲಿ ಶೇ. 2.84, ಹಿಂದೆ ಚಿಕಿತ್ಸೆ ಪಡೆದವರಲ್ಲಿ ಶೇ. 11.60 ಜನರಿಗೆ ಎಂ.ಡಿ.ಆರ್. ಇತ್ತು.

ಯಾರ ಕ್ರಿಮಿ ಯಾವ ಔಷಧಕ್ಕೆ ಸಾಯುತ್ತದೆ ಎಂದು ತಿಳಿಯಲು ಬಹಳ ಕಾಲ ಇದ್ದ ದಾರಿ ಕಾಕ್ ಅವರದೇ: ಕ್ರಿಮಿಯನ್ನು ಬೆಳೆಸಿ, ಔಷಧ ಹಾಕಿ, ಕಾಯುವುದು. ನಳಿಕೆಯಲ್ಲಿ ನಿಧಾನವಾಗಿ ಬೆಳೆಯುವ ಅದೇ ಕ್ರಿಮಿಗಾಗಿ ಎರಡು ಮೂರು ತಿಂಗಳು ಕಾಯಬೇಕಿತ್ತು. ಅಷ್ಟು ದಿನ ರೋಗಿ ತನಗೆ ತಾಗದ ಮಾತ್ರೆ ನುಂಗುತ್ತಾ, ಮನೆಯವರಿಗೆ ರೋಗ ಹಂಚುತ್ತಾ ಇರುತ್ತಿದ್ದ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಧಾರಣ ಕ್ರಿಮಿಯೂ ನಿರೋಧಕ ಕ್ರಿಮಿಯೂ ಒಂದೇ ಥರ ಕಾಣುತ್ತವೆ.

1998ರಲ್ಲಿ ಸ್ಟುವರ್ಟ್ ಕೋಲ್ ಮತ್ತು ಸಂಗಡಿಗರು ಕ್ಷಯದ ಕ್ರಿಮಿಯ ಡಿಎನ್‌ಎಯನ್ನು ಪೂರ್ತಿ ಓದಿ ಪ್ರಕಟಿಸಿದರು. ಸುಮಾರು 44 ಲಕ್ಷ ಅಕ್ಷರಗಳು, ಸುಮಾರು ನಾಲ್ಕು ಸಾವಿರ ಜೀನ್‌ಗಳು. ಅವುಗಳಲ್ಲಿ ‘ಆರ್‌ಪಿಒಬಿ’ ಎಂಬ ಜೀನ್ ಒಂದು. ರಿಫಾಂಪಿಸಿನ್ ಹೋಗಿ ಕೂರುವ ಆಸನವನ್ನು ತಯಾರಿಸುವುದು ಈ ಜೀನ್. ಇದರ 81 ಅಕ್ಷರಗಳ ಒಂದು ತುಂಡಿನಲ್ಲಿ ಒಂದು ಅಕ್ಷರ ಬದಲಾದರೂ ಆಸನದ ಆಕಾರ ಕೆಟ್ಟು ಔಷಧ ಕೂರಲಾರದು. ರಿಫಾಂಪಿಸಿನ್‌ಗೆ ಬಗ್ಗದ ಕ್ರಿಮಿಗಳಲ್ಲಿ ಶೇ. 95ರಷ್ಟರಲ್ಲಿ ತಪ್ಪು ಇರುವುದು ಈ ಪುಟ್ಟ ತುಂಡಿನಲ್ಲೇ. ಅಂದರೆ 44 ಲಕ್ಷ ಅಕ್ಷರದ ಲೆಜರ್‌ನಲ್ಲಿ 81 ಅಕ್ಷರದ ಒಂದು ನಮೂದು ನೋಡಿದರೆ ಸಾಕು. ಕಫದಲ್ಲಿರುವ ಕ್ರಿಮಿಯ ಆ ತುಂಡನ್ನು ಲಕ್ಷಾಂತರ ಪ್ರತಿ ಮಾಡಿ ಯಂತ್ರ ಓದುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಪ್ಪಿದ ಇಂಥ ಯಂತ್ರ ಎರಡು ಗಂಟೆಯೊಳಗೆ ಉತ್ತರ ಕೊಡುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ಇದನ್ನು ಸಿಬಿನ್ಯಾಟ್ ಎನ್ನುತ್ತಾರೆ. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡು ಗೋವಾದ ಮೋಲ್‌ಬಯೋ ಕಂಪನಿಯಲ್ಲಿ ತಯಾರಾಗುವ ಟ್ರೂನ್ಯಾಟ್ ಬ್ಯಾಟರಿಯಲ್ಲೂ ಓಡುತ್ತದೆ. ಕರೆಂಟ್ ನೆಚ್ಚಿಕೊಳ್ಳಲಾಗದ ಸಣ್ಣ ಆರೋಗ್ಯ ಕೇಂದ್ರದಲ್ಲೂ ಇಡಬಹುದು. ಅದಕ್ಕೂ 2020ರಲ್ಲಿ ಆ ಸಂಸ್ಥೆಯ ಒಪ್ಪಿಗೆ ಸಿಕ್ಕಿತು.

ನಮ್ಮ ಮಾಮುವಿಗೆ ಈ ರೋಗ ಬಂದಾಗ ಮೊದಲ ಮೂರು ತಿಂಗಳು ಮಾತ್ರೆ ತಪ್ಪದೆ ನುಂಗಿದರು, ಕೆಮ್ಮು ನಿಲ್ಲಲಿಲ್ಲ. ಮಾತ್ರೆ ಬಿಟ್ಟು ಬಿಟ್ಟು ತೆಗೆದುಕೊಳ್ಳುತ್ತಿದ್ದಾರೆ ಎಂದು ಮನೆಯವರೆಲ್ಲ ಅವರನ್ನೇ ಬೈದೆವು. ಆಮೇಲೆ ಕಫವನ್ನು ಯಂತ್ರಕ್ಕೆ ಹಾಕಿದಾಗ ಮರುದಿನವೇ ಗೊತ್ತಾಯಿತು, ಅವರೊಳಗಿನ ಕ್ರಿಮಿಗೆ ರಿಫಾಂಪಿಸಿನ್ ತಾಗುತ್ತಲೇ ಇರಲಿಲ್ಲ. ಬಹುಶಃ ಅಂಥದ್ದೇ ಕ್ರಿಮಿ ಇದ್ದ ಯಾರಿಂದಲೋ ಅವರಿಗೆ ಬಂದಿರಬೇಕು. ಮುಮಾನಿ ಅಂದು ಅಡುಗೆಮನೆಯಲ್ಲಿ ಅತ್ತದ್ದು ಹೆದರಿಕೆಗಲ್ಲ, ಮಾಮು ಸುಳ್ಳು ಹೇಳಿರಲಿಲ್ಲ ಎಂಬ ಸಮಾಧಾನಕ್ಕೆ.

ಯಾರಿಂದ ಯಾರಿಗೆ ಬಂತು ಎಂಬುದನ್ನೂ ಈಗ ಹುಡುಕಬಹುದು. ಕ್ಷಯದ ಕ್ರಿಮಿಯ ಡಿಎನ್‌ಎ ಬಹಳ ನಿಧಾನವಾಗಿ ಬದಲಾಗುತ್ತದೆ, ಎರಡು ಮೂರು ವರ್ಷಕ್ಕೆ ಒಂದು ಅಕ್ಷರದಷ್ಟು. ಇಬ್ಬರು ರೋಗಿಗಳ ಕ್ರಿಮಿಗಳನ್ನು ಪೂರ್ತಿ ಓದಿ ಹೋಲಿಸಿದಾಗ ಐದು ಅಕ್ಷರಕ್ಕಿಂತ ಹೆಚ್ಚು ವ್ಯತ್ಯಾಸವಿಲ್ಲದಿದ್ದರೆ ಅವರಿಬ್ಬರ ನಡುವೆ ಇತ್ತೀಚೆಗೆ ರೋಗ ದಾಟಿರಬಹುದು ಎಂದು ಎಣಿಸುತ್ತಾರೆ. ವ್ಯತ್ಯಾಸ ಹೆಚ್ಚಿದ್ದರೆ ಒಂದೇ ಮನೆಯವರಾದರೂ ಬೇರೆ ಬೇರೆ ಕಡೆಯಿಂದ ಅಂಟಿದ್ದು. ಎಷ್ಟೋ ಮನೆಗಳಲ್ಲಿ ಸೊಸೆಯ ಮೇಲೆ ಬರುವ ಅಪವಾದವನ್ನು ಇಂಥ ಓದು ತೆಗೆದುಹಾಕಬಲ್ಲದು.

ಎಂ.ಡಿ.ಆರ್.ಗೆ ಮೊದಲು ಒಂದೂವರೆ ಎರಡು ವರ್ಷ ಚಿಕಿತ್ಸೆ ಬೇಕಿತ್ತು, ಅದರ ಚುಚ್ಚುಮದ್ದಿನಿಂದ ಕಿವಿ ಕೇಳದಂತಾದವರಿದ್ದಾರೆ. ಈಗ ಬೆಡಾಕ್ವಿಲಿನ್, ಪ್ರೆಟೊಮಾನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಸಿನ್ ಸೇರಿದ ಆರು ತಿಂಗಳ ಮಾತ್ರೆಗಳಿಗೆ ನಮ್ಮ ದೇಶದಲ್ಲಿ 2024ರಲ್ಲಿ ಒಪ್ಪಿಗೆ ಸಿಕ್ಕಿದೆ. ಆದರೆ ಈ ಹೊಸ ಬೆಡಾಕ್ವಿಲಿನ್‌ಗೂ ಬಗ್ಗದ ಕ್ರಿಮಿಗಳು ಆಗಲೇ ಕಾಣಿಸಿಕೊಂಡಿವೆ. ಅವುಗಳ ತಪ್ಪು ರಿಫಾಂಪಿಸಿನ್‌ನಂತೆ 81 ಅಕ್ಷರದ ಒಂದೇ ಕಡೆ ಕೂಡಿಲ್ಲ, ಜೀನ್‌ನ ಉದ್ದಕ್ಕೂ ಚದುರಿದೆ. ಎರಡು ಗಂಟೆಯ ಯಂತ್ರಕ್ಕೆ ಅದು ಸುಲಭವಾಗಿ ಸಿಗುವುದಿಲ್ಲ. ಅಂಥ ರೋಗಿಯ ಕಫವನ್ನು ಇಂದಿಗೂ ದೊಡ್ಡ ಪ್ರಯೋಗಾಲಯಕ್ಕೆ ಕಳುಹಿಸಿ, ಕಾಕ್ ಮಾಡಿದ ಹಾಗೆ ಬೆಳೆಸಿ, ವಾರಗಟ್ಟಲೆ ಕಾಯುತ್ತಾರೆ.

ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಇವುಗಳಲ್ಲಿ ಯಾವುದಿದ್ದರೂ ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆ ಉಚಿತ, ಔಷಧವೂ ಉಚಿತ. ಗಾಜಿನ ಪಟ್ಟಿಯ ಪರೀಕ್ಷೆ ಮಾತ್ರ ಮಾಡಿದ್ದರೆ, ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಆಗಿದೆಯೇ ಎಂದು ವೈದ್ಯರನ್ನು ಕೇಳಬಹುದು. ಮಾಮು ಈಗ ಹೊಸ ಮಾತ್ರೆಗಳ ನಾಲ್ಕನೆಯ ತಿಂಗಳಲ್ಲಿದ್ದಾರೆ.